ಬುರ್ಜ್ ಖಲೀಫಾ ಟಿಕೆಟ್ ಊರಲ್ಲೇ ತಗೊಳ್ಳಬೇಕಾ, ದುಬೈಗೆ ಹೋಗಿ ನೋಡಿದರಾಯ್ತಾ?

ಸೂರ್ಯ ಮುಳುಗುವ ಹೊತ್ತಿಗೆ ಮೇಲಿರಬೇಕು ಅನ್ನುವ ಆಸೆ ಇದ್ದರೆ ಟಿಕೆಟ್ಟನ್ನು ಊರು ಬಿಡುವ ಮೊದಲೇ ತಗೊಳ್ಳಿ. ಬೆಳಗ್ಗೆ ಹೋಗುವವರು, ರಾತ್ರಿ ಊಟದ ಹೊತ್ತು ಕಳೆದ ಮೇಲೆ ಹೋಗುವವರು, ಅದೂ ಸೋಮವಾರದಿಂದ ಗುರುವಾರದೊಳಗೆ ಹೋಗುವವರು ದುಬೈ ತಲುಪಿ, ಆಕಾಶ ನೋಡಿಕೊಂಡು, ಹಿಂದಿನ ದಿನ ತಗೊಂಡರೂ ನಡೆಯುತ್ತದೆ. ಮೂಲ ಉತ್ತರ ಇಷ್ಟೇ. ಆದರೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಹೊರಡುವವರಿಗೆ ನಡುವೆ ಘಾಟಿ ರಸ್ತೆ ಇದೆ, ಬ್ಯಾಂಕಿನ ಓಟಿಪಿ ಇದೆ, ಟ್ರಾವೆಲ್ಸ್‌ನವರ ಪ್ಯಾಕೇಜ್ ಇದೆ. ಒಂದೊಂದೂ ಈ ಲೆಕ್ಕವನ್ನು ಸ್ವಲ್ಪ ಆಚೀಚೆ ಮಾಡುತ್ತದೆ. ಆದ್ದರಿಂದ ಬಿಡಿಸಿ ನೋಡೋಣ.

ದುಡ್ಡು ಕೊಟ್ಟರೆ ಸಿಗುವುದೇನು

2010ರ ಜನವರಿ 4ರಂದು ಉದ್ಘಾಟನೆಯಾದ ಬುರ್ಜ್ ಖಲೀಫಾದ ಎತ್ತರ 828 ಮೀಟರ್. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಪೇಟೆಯಲ್ಲಿ ನಿಂತು ಗಿರಿಯ ತುದಿ ನೋಡಿದರೆ ಎಷ್ಟು ಎತ್ತರವೋ, ಹೆಚ್ಚುಕಡಿಮೆ ಅಷ್ಟು ಎತ್ತರದ ಕಟ್ಟಡ. ಆದರೆ ಅದರ ತುದಿಗೆ ನಮ್ಮನ್ನು ಬಿಡುವುದಿಲ್ಲ. ಸಾಮಾನ್ಯ ಟಿಕೆಟ್ಟಿನವರು ಹೋಗುವುದು 124 ಮತ್ತು 125ನೇ ಮಹಡಿಗೆ. 124ನೇ ಮಹಡಿಯ ವೀಕ್ಷಣಾ ಅಂಗಳ ಇರುವುದು 452 ಮೀಟರಿನಲ್ಲಿ. ಇನ್ನೂ ದುಬಾರಿ ಟಿಕೆಟ್ಟಿನವರು 148ನೇ ಮಹಡಿಗೆ, 555 ಮೀಟರಿಗೆ ಹೋಗುತ್ತಾರೆ. ಇಳಿಯುವಾಗ 125 ಮತ್ತು 124 ಅವರಿಗೂ ಸಿಗುತ್ತದೆ.

ಟಿಕೆಟ್ಟಿನ ಮೇಲೆ ದಿನಾಂಕ, ಒಳಗೆ ಹೋಗುವ ಸಮಯ ಎರಡೂ ಇರುತ್ತವೆ. ಆ ಸಮಯಕ್ಕೆ ಸ್ಲಾಟ್ ಅನ್ನುತ್ತಾರೆ. ಸ್ಲಾಟ್ ದುಬೈ ಸಮಯದ್ದು, ನಮಗಿಂತ ಒಂದೂವರೆ ಗಂಟೆ ಹಿಂದೆ. ಒಮ್ಮೆ ಕೊಂಡ ಟಿಕೆಟ್ಟಿಗೆ ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ, ದಿನ ಬದಲಾಯಿಸುವುದೂ ಇಲ್ಲ. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ, ಏಕೆಂದರೆ ಮುಂಗಡ ಟಿಕೆಟ್ ನಿಮಗೆ ಒಂದು ಹೊತ್ತನ್ನು ಕಾಯ್ದಿರಿಸಿ ಕೊಡುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಮೇಲಿಂದ ಏನಾದರೂ ಕಾಣುತ್ತದೆ ಅನ್ನುವ ಭರವಸೆ ಅದರಲ್ಲಿ ಇಲ್ಲ. ಗಿರಿಗೆ ಹೋಗಿ ಮಂಜು ಬಿಟ್ಟು ಬೇರೇನೂ ಕಾಣದೆ ಇಳಿದು ಬಂದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹಾಗೆಯೇ, ಮುಂಗಡ ಟಿಕೆಟ್ ಇದ್ದರೆ ಕ್ಯೂ ಇರುವುದಿಲ್ಲ ಅಂದುಕೊಳ್ಳಬೇಡಿ. ತಪ್ಪುವುದು ಟಿಕೆಟ್ ಕೌಂಟರಿನ ಕ್ಯೂ ಒಂದೇ. ಬ್ಯಾಗ್ ತಪಾಸಣೆ, ಹತ್ತುವ ಲಿಫ್ಟು, ಇಳಿಯುವ ಲಿಫ್ಟು, ಈ ಮೂರಕ್ಕೂ ಎಲ್ಲರಂತೆ ನಿಲ್ಲಬೇಕು. ಸೆಕೆಂಡಿಗೆ 10 ಮೀಟರ್ ಏರುವ ಲಿಫ್ಟು 124ನೇ ಮಹಡಿಗೆ ಸುಮಾರು ಒಂದು ನಿಮಿಷದಲ್ಲಿ ಮುಟ್ಟಿಸುತ್ತದೆ; ಅದರ ಬಾಗಿಲ ತನಕ ಹೋಗಲು ಜನ ಹೆಚ್ಚಿರುವ ಸಂಜೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿದೀತು. ಕತ್ತಲಾದ ಕೂಡಲೇ ಎಲ್ಲರೂ ಒಟ್ಟಿಗೆ ಇಳಿಯಲು ಹೊರಡುವುದರಿಂದ ಮೇಲೂ ಅಷ್ಟೇ ಕಾಯಬೇಕಾಗುತ್ತದೆ.

ಹೊತ್ತು ಆರಿಸುವ ಲೆಕ್ಕ

ಬೆಲೆ ದಿನವಿಡೀ ಒಂದೇ ಅಲ್ಲ. ಮಧ್ಯಾಹ್ನದ ನಂತರ ಸೂರ್ಯಾಸ್ತದವರೆಗಿನ ಹೊತ್ತನ್ನು ಪ್ರೈಮ್ ಅವರ್ ಎಂದು ಕರೆದು ಹೆಚ್ಚು ದುಡ್ಡು ಹಾಕುತ್ತಾರೆ. ಉಳಿದದ್ದೆಲ್ಲ ನಾನ್ ಪ್ರೈಮ್. ಪ್ರೈಮ್ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಅನ್ನುವುದು ಋತು ನೋಡಿಕೊಂಡು ಬದಲಾಗುತ್ತದೆ. ಬುಕಿಂಗ್ ಪುಟದಲ್ಲಿ ದಿನ ಆರಿಸಿದ ಕೂಡಲೇ ಸ್ಲಾಟಿನ ಪಕ್ಕದಲ್ಲೇ ಬೆಲೆ ಏರುವುದು ಕಾಣುತ್ತದೆ. ನಿಮಗೆ ಬೇಕಾದ್ದು ಎರಡರ ನಡುವಿನ ಅಂತರ. ಅಂತರ ತಲೆಗೆ 75 ದಿರ್ಹಮ್ ಇತ್ತು ಅನ್ನಿ, ನಾಲ್ಕು ಜನರ ಮನೆಗೆ 300 ದಿರ್ಹಮ್. ದಿರ್ಹಮ್ಮಿಗೆ ₹25 ಎಂದು ಹಿಡಿದರೆ ₹7,500. ಬರೀ ಸೂರ್ಯಾಸ್ತಕ್ಕೆ ಅಷ್ಟು ಕೊಡಬಹುದೇ ಅನ್ನುವುದು ಮನೆಯವರೆಲ್ಲ ಕೂತು ತೀರ್ಮಾನಿಸುವ ವಿಷಯ. ಕೊಡುವುದಾದರೆ ಮಾತ್ರ ಮುಂಗಡ ಬುಕಿಂಗ್ ಕಡ್ಡಾಯ, ಏಕೆಂದರೆ ಮೊದಲು ಖಾಲಿಯಾಗುವುದೇ ಆ ಸ್ಲಾಟುಗಳು.

ಸೂರ್ಯಾಸ್ತದ ಸಮಯವನ್ನು ನಮ್ಮೂರಿನ ಅಂದಾಜಿನಲ್ಲಿ ಲೆಕ್ಕ ಹಾಕಬೇಡಿ. ದುಬೈನಲ್ಲಿ ಡಿಸೆಂಬರ್ ಮೊದಲ ವಾರ ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ, ಜನವರಿ ಮಧ್ಯಕ್ಕೆ 5.50ರ ಹೊತ್ತಿಗೆ. ಮಕ್ಕಳ ಬೇಸಿಗೆ ರಜೆ ಶುರುವಾಗುವ ಏಪ್ರಿಲ್ ಮಧ್ಯಕ್ಕೆ ಸುಮಾರು 6.45, ಜೂನ್ ಕೊನೆಗೆ 7.10 ದಾಟುತ್ತದೆ. ದಸರಾ ರಜೆಯ ಅಕ್ಟೋಬರ್ ನಡುವೆ ಆರಕ್ಕೆ ಇನ್ನೂ ಐದಾರು ನಿಮಿಷ ಇರುವಾಗಲೇ ಮುಗಿಯುತ್ತದೆ.

ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ನೀವು ಗಾಜಿನ ಹತ್ತಿರ ನಿಂತಿರಬೇಕು. ತಪಾಸಣೆ, ಲಿಫ್ಟಿಗೆ ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿ. ಹಾಗಾಗಿ ಸ್ಲಾಟ್ ಇರಬೇಕಾದ್ದು ಸೂರ್ಯಾಸ್ತಕ್ಕೆ ಒಂದೂಕಾಲರಿಂದ ಒಂದೂವರೆ ಗಂಟೆ ಮೊದಲು. ಏಪ್ರಿಲ್ ಮಧ್ಯದಲ್ಲಾದರೆ ಸಂಜೆ ಐದೂಕಾಲರ ಆಸುಪಾಸು. ಸೂರ್ಯ ಮುಳುಗುವ ಸಮಯಕ್ಕೇ ಸರಿಯಾಗಿ ಸ್ಲಾಟ್ ತಗೊಂಡವರು ಆ ಹೊತ್ತಿಗೆ ಕೆಳಗೆ ಲಿಫ್ಟಿನ ಸಾಲಿನಲ್ಲಿರುತ್ತಾರೆ. ಇಡೀ ಬುಕಿಂಗಿನಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದು.

ದುಡ್ಡು ಉಳಿಸುವ ಒಂದು ದಾರಿಯೂ ಇದೆ. ಪ್ರೈಮ್ ಶುರುವಾಗುವ ಮೊದಲಿನ ಕೊನೇ ನಾನ್ ಪ್ರೈಮ್ ಸ್ಲಾಟ್ ತಗೊಂಡು ಮೇಲೇ ಉಳಿದುಬಿಡುವುದು. 124 ಮತ್ತು 125ರಲ್ಲಿ ಗಡಿಯಾರ ನೋಡಿ ಯಾರೂ ಕೆಳಗಿಳಿಸುವುದಿಲ್ಲ. ಚಳಿಗಾಲದಲ್ಲಿ ಸೂರ್ಯಾಸ್ತ ಬೇಗ ಆಗುವುದರಿಂದ ಇದು ಕೂಡಿಬರುತ್ತದೆ. ಆದರೆ ಎರಡು ಗಂಟೆಗೂ ಮಿಕ್ಕಿ ನಿಂತೇ ಇರಬೇಕು, ಕೂರಲು ಜಾಗ ಕಡಿಮೆ, ಹೊರಗಿನಿಂದ ತಿಂಡಿ ತರುವ ಹಾಗಿಲ್ಲ. ಅಜ್ಜ, ಅಜ್ಜಿ, ಚಿಕ್ಕ ಮಕ್ಕಳು ಜೊತೆಗಿದ್ದರೆ ಈ ದಾರಿ ಬೇಡ. ಬೇಸಿಗೆಯಲ್ಲಿ ಕಾಯುವ ಹೊತ್ತು ಇನ್ನೂ ಉದ್ದವಾಗುತ್ತದೆ, ಆಗಂತೂ ಲಾಭವಿಲ್ಲ.

ಮೇಲಿಂದ ಸೂರ್ಯಾಸ್ತ ನೆಲಕ್ಕಿಂತ ಎರಡು ಮೂರು ನಿಮಿಷ ತಡ. ಇದಕ್ಕಾಗಿಯೇ 2011ರಲ್ಲಿ ದುಬೈನ ಧರ್ಮಾಧಿಕಾರಿಗಳು ರಂಜಾನ್ ಉಪವಾಸ ಬಿಡಲು 80ನೇ ಮಹಡಿಯಿಂದ ಮೇಲಿರುವವರು ಎರಡು ನಿಮಿಷ, 150ರ ಮೇಲಿನವರು ಮೂರು ನಿಮಿಷ ಕಾಯಬೇಕು ಎಂದು ತಿಳಿಸಿದ್ದರು. ಎಲ್ಲಿ ನಿಲ್ಲಬೇಕು ಅನ್ನುವುದೂ ತಿಂಗಳ ಮೇಲೆ ನಿಂತಿದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ನೈಋತ್ಯಕ್ಕೆ ವಾಲಿ, ಪಾಮ್ ಜುಮೈರಾ ದ್ವೀಪ ಇರುವ ದಿಕ್ಕಿನಲ್ಲೇ ಇಳಿಯುತ್ತಾನೆ. ಮೇ, ಜೂನ್‌ನಲ್ಲಿ ವಾಯವ್ಯಕ್ಕೆ ಸರಿದು ನೇರ ಸಮುದ್ರದ ಮೇಲೆ. ಮೊದಲು ಆ ಮೂಲೆ ಹಿಡಿದುಕೊಂಡು ಆಮೇಲೆ ಫೋಟೋ ತೆಗೆಯಿರಿ.

ಆಕಾಶ ನೋಡದೆ ದುಡ್ಡು ಕಟ್ಟಬಾರದ ತಿಂಗಳುಗಳು

ನಮ್ಮ ಕಡೆ ತೋಟದವರು ಹೊರಡುವುದು ಸಾಮಾನ್ಯವಾಗಿ ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ. ನೌಕರಿಯವರು, ಶಾಲೆಗೆ ಹೋಗುವ ಮಕ್ಕಳಿರುವವರು ದಸರಾ, ಕ್ರಿಸ್‌ಮಸ್ ಅಥವಾ ಬೇಸಿಗೆ ರಜೆಗೆ. ಈ ಒಂದೊಂದು ಕಾಲಕ್ಕೂ ದುಬೈ ಆಕಾಶ ಬೇರೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ, ಜನವೂ ಹೆಚ್ಚು. ಆದರೆ ಕೆಲವು ದಿನ ನಡುರಾತ್ರಿ ಕಳೆದ ಮೇಲೆ ಕವಿದ ಮಂಜು ಬೆಳಗ್ಗೆ ಒಂಬತ್ತು ಹತ್ತರವರೆಗೂ ಬಿಡುವುದಿಲ್ಲ. ಈ ತಿಂಗಳುಗಳಲ್ಲಿ ಮುಂಜಾನೆಯ ಸ್ಲಾಟನ್ನು ಊರಿನಲ್ಲಿ ಕೂತು ಕಟ್ಟಬೇಡಿ. ಮಧ್ಯಾಹ್ನ, ಸಂಜೆಯ ಸ್ಲಾಟಿಗೆ ಈ ಭಯ ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಸೆಕೆ, ತೇವ, ದೂಳು. ಶಮಾಲ್ ಅನ್ನುವ ವಾಯವ್ಯದ ಗಾಳಿ ಎದ್ದ ದಿನ ನಡುಹಗಲಲ್ಲೂ ಸುತ್ತ ಬೂದಿ ಬಣ್ಣ. ಆಗ ಸೂರ್ಯಾಸ್ತದ ಟಿಕೆಟ್ಟಿಗೆ ಹೆಚ್ಚಿನ ದುಡ್ಡು ಹಾಕುವುದು ವ್ಯರ್ಥ. ಮಂಕು ಕವಿದ ದಿನಗಳಲ್ಲಿ ಕತ್ತಲಾದ ಮೇಲೆ ಕೆಳಗಿನ ದೀಪಗಳು ಹಗಲಿನ ನೋಟಕ್ಕಿಂತ ಚೆನ್ನಾಗಿ ಕಾಣುತ್ತವೆ.

ನೋಡಬೇಕಾದ ಅಂಕಿ ಒಂದೇ: ಹವಾಮಾನದ ಆ್ಯಪಿನಲ್ಲಿ ವಿಸಿಬಿಲಿಟಿ ಎಂದು ಕೊಡುವ ಕಿಲೋಮೀಟರ್ ಲೆಕ್ಕ. ಮೋಡದ ಚಿತ್ರ, ಸೂರ್ಯನ ಚಿತ್ರ ನಂಬಬೇಡಿ, ದೂಳಿದ್ದರೂ ಆ್ಯಪು ಬಿಸಿಲು ಅಂತಲೇ ತೋರಿಸುತ್ತದೆ. ಬುರ್ಜ್ ಖಲೀಫಾದಿಂದ ಹಾಯಿಯಾಕಾರದ ಬುರ್ಜ್ ಅಲ್ ಅರಬ್ ಹೋಟೆಲ್ ನೇರ ದೂರದಲ್ಲಿ ಸುಮಾರು 11 ಕಿ.ಮೀ., ಪಾಮ್ ಜುಮೈರಾ ಸುಮಾರು 16 ಕಿ.ಮೀ. ವಿಸಿಬಿಲಿಟಿ 5 ಕಿ.ಮೀ. ಇದ್ದರೆ ಇವೆರಡೂ ಇಲ್ಲ, ಕಾಲಬುಡದ ಕಟ್ಟಡ, ಕಾರಂಜಿ ಕೊಳ, ರಸ್ತೆಗಳು ಮಾತ್ರ. 10 ಇದ್ದರೂ ಹೋಟೆಲ್ ಕಂಡೂ ಕಾಣದ ಹಾಗೆ.

148ನೇ ಮಹಡಿಗೆ ಹೆಚ್ಚು ಕೊಡಬೇಕಾ ಅನ್ನುವ ಪ್ರಶ್ನೆಗೂ ಇದೇ ಲೆಕ್ಕದಲ್ಲಿ ಉತ್ತರವಿದೆ. 452 ಮೀಟರ್ ಎತ್ತರದಿಂದ ದಿಗಂತ ಸುಮಾರು 76 ಕಿ.ಮೀ. ದೂರ, 555 ಮೀಟರಿನಿಂದ ಸುಮಾರು 84. ದೂಳು ತುಂಬಿದ ಹವೆಯಲ್ಲಿ 20 ಕಿ.ಮೀ. ಕಾಣುವುದೇ ಅದೃಷ್ಟವಾದಾಗ ಈ ಎಂಟು ಕಿಲೋಮೀಟರಿಗೆ ಅರ್ಥವಿಲ್ಲ. 148ರಲ್ಲಿ ನೀವು ಕೊಳ್ಳುವುದು ಕಡಿಮೆ ಜನಜಂಗುಳಿ, ಬೇರೆ ಪ್ರವೇಶ, ಕೂರಿಸಿ ಉಪಚರಿಸುವ ವ್ಯವಸ್ಥೆ. ನಿಲ್ಲಲಾಗದ ಹಿರಿಯರಿದ್ದರೆ ಅದಕ್ಕೆ ಬೆಲೆಯುಂಟು. ನೋಟಕ್ಕಾಗಿ ಮಾತ್ರ ಎಂದಾದರೆ 124 ಸಾಕು.

ಎಷ್ಟು ದಿನ ಮೊದಲು

ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ, ಈದ್ ರಜೆ, ದೀಪಾವಳಿ ವಾರ, ಡಿಸೆಂಬರ್ 2 ಮತ್ತು 3ರ ಅಲ್ಲಿನ ರಾಷ್ಟ್ರೀಯ ದಿನದ ರಜೆ, ಈ ಕಾಲಗಳಲ್ಲಿ ಸೂರ್ಯಾಸ್ತದ ಸ್ಲಾಟಿಗೆ ಒಂದೆರಡು ವಾರ ಮೊದಲೇ ಕೈ ಹಾಕಿ. ಬೇಸಿಗೆಯಲ್ಲಿ ಎರಡು ಮೂರು ದಿನ ಮುಂಚೆ ಸಾಕು. ಯುಎಇಯಲ್ಲಿ 2022ರ ಜನವರಿಯಿಂದ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ. ಹಳಬರು ಹೇಳುವ ಶುಕ್ರವಾರ, ಶನಿವಾರದ ಲೆಕ್ಕ ಈಗ ನಡೆಯುವುದಿಲ್ಲ. ಡಿಸೆಂಬರ್ 31ರಂದು ಕಟ್ಟಡದ ಸುತ್ತ ಪಟಾಕಿ ಪ್ರದರ್ಶನಕ್ಕಾಗಿ ರಸ್ತೆಗಳನ್ನು ಮುಚ್ಚುತ್ತಾರೆ, ಹತ್ತಿರದ ಮೆಟ್ರೋ ನಿಲ್ದಾಣವನ್ನೂ ಸಂಜೆಯೇ ಬಂದ್ ಮಾಡುತ್ತಾರೆ. ಆ ದಿನ ಗೋಪುರ ಹತ್ತುವ ಯೋಜನೆಯನ್ನೇ ಇಟ್ಟುಕೊಳ್ಳಬೇಡಿ.

ಇಳಿದ ದಿನಕ್ಕೇ ಟಿಕೆಟ್ ಕಟ್ಟುವುದಂತೂ ಬೇಡವೇ ಬೇಡ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇರುವುದರಿಂದ ನಮ್ಮ ಕಡೆಯವರಿಗೆ ಅದು ಹತ್ತಿರದ ದಾರಿ. ಹಾಸನದವರು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು, ಚಿಕ್ಕಮಗಳೂರಿನವರು ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ. ಮಳೆಗಾಲದಲ್ಲಿ ಎರಡೂ ಕಡೆ ಗುಡ್ಡ ಕುಸಿದು, ಮರ ಬಿದ್ದು ದಾರಿ ನಿಲ್ಲುವುದು ಹೊಸತಲ್ಲ. ಬಜ್ಪೆಯ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿನ ರನ್‌ವೇ, ಜೋರು ಮಳೆಯಲ್ಲಿ ವಿಮಾನ ತಡವಾಗುವುದೂ ಬೇರೆಡೆಗೆ ತಿರುಗುವುದೂ ಉಂಟು. ಬೆಂಗಳೂರಿನ ದಾರಿ ಹಿಡಿದವರಿಗೆ ನೆಲಮಂಗಲದಿಂದಾಚೆಯ ಟ್ರಾಫಿಕ್ಕು. ಒಂದು ಕಡೆ ತಡವಾದರೂ ವಾಪಸ್ ಬರದ ಟಿಕೆಟ್ ಹೋಯಿತು. ಪ್ರವಾಸದ ಎರಡನೇ ಅಥವಾ ಮೂರನೇ ದಿನಕ್ಕೆ ಇಟ್ಟುಕೊಳ್ಳಿ. ಕೊನೇ ದಿನವೂ ಬೇಡ. ಹವೆ ಕೆಟ್ಟರೆ ಮತ್ತೊಂದು ದಿನ ಕೈಯಲ್ಲಿರಬೇಕು.

ಪ್ಯಾಕೇಜಿನಲ್ಲಿ ಸೇರಿದೆ ಅಂದಾಗ

ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಪ್ಯಾಕೇಜ್ ಮಾತಾಡುವಾಗ ‘ಬುರ್ಜ್ ಖಲೀಫಾ ಇನ್‌ಕ್ಲೂಡೆಡ್ ಸಾರ್’ ಎಂಬ ಮಾತಿಗೆ ತಲೆಯಾಡಿಸಿ ಎದ್ದು ಬರಬೇಡಿ. ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಒಳಗೆ ಹತ್ತುವ ಟಿಕೆಟ್ಟೋ, ಬಸ್ಸು ನಿಲ್ಲಿಸಿ ಹೊರಗಿಂದ ಫೋಟೋ ತೆಗೆಸುವುದೋ? 124ನೇ ಮಹಡಿಯೋ 148ನೆಯದೋ? ಪ್ರೈಮೋ ನಾನ್ ಪ್ರೈಮೋ? ಸ್ಲಾಟ್ ಯಾವ ದಿನ, ಎಷ್ಟು ಗಂಟೆಗೆ, ಯಾವಾಗ ತಿಳಿಸುತ್ತೀರಿ? ಹೆಚ್ಚಿನ ಪ್ಯಾಕೇಜುಗಳಲ್ಲಿ ಇರುವುದು 124ನೇ ಮಹಡಿಯ ನಾನ್ ಪ್ರೈಮ್. ಅದರಲ್ಲಿ ತಪ್ಪೇನಿಲ್ಲ, ಆದರೆ ಸೂರ್ಯಾಸ್ತ ನೋಡುತ್ತೇವೆ ಅಂದುಕೊಂಡು ಹೋದರೆ ನಿರಾಸೆ. ಬೇಕಿದ್ದರೆ ಅಂತರದ ದುಡ್ಡು ಕೊಟ್ಟು ಪ್ರೈಮ್‌ಗೆ ಬದಲಿಸಲು ಈಗಲೇ ಹೇಳಿ, ಟಿಕೆಟ್ ಕೊಂಡಾದ ಮೇಲೆ ಅವರ ಕೈಯಲ್ಲೂ ಏನಿಲ್ಲ. ಅಥವಾ ಅದನ್ನು ಪ್ಯಾಕೇಜಿನಿಂದ ತೆಗೆಸಿ ನೀವೇ ಕೊಳ್ಳಿ.

ನೀವೇ ಬುಕ್ ಮಾಡುವಾಗ

ಮೊದಲು ಕಾರ್ಡು. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ಆನ್‌ಲೈನ್ ಪಾವತಿ ತಾನಾಗಿ ಚಾಲೂ ಇರುವುದಿಲ್ಲ. ಬ್ಯಾಂಕ್ ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಬಳಕೆಯನ್ನು ಆನ್ ಮಾಡಿ, ಮಿತಿಯನ್ನು ಟಿಕೆಟ್ ಮೊತ್ತಕ್ಕಿಂತ ಸ್ವಲ್ಪ ಮೇಲಿಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಪೇಮೆಂಟ್ ಫೇಲ್ ಆಗಲು ಮುಖ್ಯ ಕಾರಣ ಇದೇ. ದಿರ್ಹಮ್ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ ನಾಣ್ಯವಾದ್ದರಿಂದ ಡಾಲರ್ ಏರಿದಂತೆ ನಿಮ್ಮ ಬಿಲ್ಲೂ ಏರುತ್ತದೆ. ಅದರ ಮೇಲೆ ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ಶುಲ್ಕ, ಶುಲ್ಕಕ್ಕೆ ಜಿಎಸ್‌ಟಿ.

ದುಬೈಗೆ ಹೋಗಿ ತಗೊಳ್ಳುವ ಯೋಚನೆ ಇದ್ದವರು ಓಟಿಪಿ ಮರೆಯಬಾರದು. ರೋಮಿಂಗ್ ಇಲ್ಲದ ಸಿಮ್ಮಿಗೆ ಅಲ್ಲಿ ಮೆಸೇಜ್ ಬರುವುದಿಲ್ಲ, ಹೋಟೆಲಿನ ವೈಫೈ ಇದ್ದೂ ಪ್ರಯೋಜನವಿಲ್ಲ. ಒಂದು ಸಿಮ್ಮಿಗಾದರೂ ರೋಮಿಂಗ್ ಹಾಕಿಸಿ, ಅದು ಬ್ಯಾಂಕಿಗೆ ಕೊಟ್ಟ ನಂಬರಿನದೇ ಆಗಿರಲಿ. ಇಲ್ಲದಿದ್ದರೆ ಕೌಂಟರಿನಲ್ಲಿ ನಗದು ಕೊಟ್ಟು, ಉಳಿದ ಸ್ಲಾಟ್ ಯಾವುದೋ ಅದನ್ನು ತಗೊಳ್ಳಬೇಕು. ಕೌಂಟರಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅನ್ನುವ ಆಸೆಯೂ ಬೇಡ.

ಅಟ್ ದ ಟಾಪ್ ಎಂಬ ಹೆಸರಿನ ಅಧಿಕೃತ ಸೈಟಿನಲ್ಲೇ ಕೊಂಡರೆ ಗೊಂದಲ ಕಡಿಮೆ. ಬೇರೆ ಸೈಟುಗಳಲ್ಲಿ ನೋಡಬೇಕಾದ್ದು, ಕೊಡುವುದು ನೇರ ಒಳಗೆ ಬಿಡುವ ಕ್ಯೂಆರ್ ಟಿಕೆಟ್ಟೋ, ಕೌಂಟರಿನಲ್ಲಿ ಬದಲಿಸಿಕೊಳ್ಳಬೇಕಾದ ವೋಚರೋ ಅನ್ನುವುದು. ವೋಚರಾದರೆ ಕೌಂಟರಿನ ಕ್ಯೂ ತಪ್ಪುವುದಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ವಯಸ್ಸಿಗೆ ಸಾಕ್ಷಿಯಾಗಿ ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲಿರಲಿ. ದುಡ್ಡು ಕಟ್ಟುವ ಮೊದಲು ದಿನಾಂಕವನ್ನು ಇನ್ನೊಮ್ಮೆ ಓದಿ, ತಿಂಗಳು ಮೊದಲು ಬರೆಯುವ ಸೈಟುಗಳಲ್ಲಿ 04/05 ಅಂದರೆ ಏಪ್ರಿಲ್ 5. ಟಿಕೆಟ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಮನೆಯ ಇಬ್ಬರ ಫೋನಿನಲ್ಲಿಡಿ.

ಇದೇ ಲೆಕ್ಕ ಬೇರೆ ಊರಿನ ಗೋಪುರಗಳಿಗೂ ಕೂಡುತ್ತದೆ, ಬಿಗಿ ಮಾತ್ರ ಬೇರೆ. ಪ್ಯಾರಿಸ್ಸಿನ ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ 60 ದಿನ ಮೊದಲು, ಮೆಟ್ಟಿಲಿನದು 14 ದಿನ ಮೊದಲು ಮಾರಾಟಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಲಿಫ್ಟಿನದು ಬಂದ ಕೂಡಲೇ ಕೊಳ್ಳಬೇಕು, ಸಿಗದಿದ್ದರೆ 674 ಮೆಟ್ಟಿಲು ಹತ್ತಿ ಎರಡನೇ ಅಂತಸ್ತಿಗೆ ಹೋಗುವ ದಾರಿ ಇದ್ದೇ ಇದೆ. ಕೌಲಾಲಂಪುರದ ಪೆಟ್ರೊನಾಸ್ ಗೋಪುರಕ್ಕೆ ದಿನಕ್ಕಿಷ್ಟೇ ಜನ, ಸೋಮವಾರ ರಜೆ, ಅದಕ್ಕೂ ಮೊದಲೇ ತಗೊಳ್ಳಿ.

ಆ ದಿನ

124, 125ರ ಪ್ರವೇಶ ಇರುವುದು ದುಬೈ ಮಾಲ್‌ನ ಕೆಳನೆಲೆಯಲ್ಲಿ, ಲೋವರ್ ಗ್ರೌಂಡ್ ಎಂದು ಬೋರ್ಡು ಹಾಕಿರುತ್ತಾರೆ. ಮೆಟ್ರೋದ ರೆಡ್ ಲೈನಿನಲ್ಲಿ ಬುರ್ಜ್ ಖಲೀಫಾ–ದುಬೈ ಮಾಲ್ ನಿಲ್ದಾಣದಲ್ಲಿ ಇಳಿದರೆ ಮಾಲ್ ಮುಟ್ಟಲು ಸುಮಾರು 800 ಮೀಟರ್ ಉದ್ದದ ಏಸಿ ಸೇತುವೆ, ಆಮೇಲೆ ಮಾಲ್‌ನ ಒಳಗೇ ಮತ್ತಷ್ಟು ನಡಿಗೆ. ನಿಲ್ದಾಣದಿಂದ ಪ್ರವೇಶದವರೆಗೆ ಅರ್ಧ ಗಂಟೆ, ಹಿರಿಯರಿದ್ದರೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸ್ಲಾಟಿಗೆ 15 ನಿಮಿಷ ಮೊದಲು ಬಾಗಿಲಲ್ಲಿದ್ದರೆ ಸಾಕು, ಅದಕ್ಕೂ ಮೊದಲು ಹೋದರೆ ಕಾಯಿಸುತ್ತಾರೆ. ತಡವಾದರೆ ಬಿಡುವುದು ಬಿಡದಿರುವುದು ಆ ಹೊತ್ತಿನ ಜನ ನೋಡಿ ಸಿಬ್ಬಂದಿ ಮಾಡುವ ತೀರ್ಮಾನ. ಟ್ರೈಪಾಡ್ ಒಳಗೆ ಬಿಡುವುದಿಲ್ಲ, ಹೋಟೆಲಿನಲ್ಲೇ ಇಟ್ಟು ಬನ್ನಿ.

ರಾತ್ರಿ ಒಳಗಿನ ದೀಪ ಗಾಜಿನ ಮೇಲೆ ಬಿದ್ದು ಫೋಟೋ ಕೆಡುತ್ತದೆ. ಫೋನನ್ನು ಗಾಜಿಗೆ ಅಂಟಿಸಿ ಹಿಡಿಯಿರಿ, ಇಲ್ಲವೇ 124ರ ಹೊರ ಅಂಗಳಕ್ಕೆ ಹೋಗಿ ಗಾಜಿನ ಹಲಗೆಗಳ ನಡುವಿನ ಸಂದಿಯಿಂದ ತೆಗೆಯಿರಿ. ಸೂರ್ಯ ಮುಳುಗಿದ ಮೇಲೆ ಇನ್ನೂ ಇಪ್ಪತ್ತು ಮೂವತ್ತು ನಿಮಿಷ ನಿಂತರೆ ಊರೆಲ್ಲ ದೀಪ ಹತ್ತುವುದು ಕಾಣುತ್ತದೆ, ಅಷ್ಟರಲ್ಲಿ ಇಳಿಯುವ ಲಿಫ್ಟಿನ ಮೊದಲ ನೂಕುನುಗ್ಗಲೂ ಕಡಿಮೆಯಾಗಿರುತ್ತದೆ. ಆ ರಾತ್ರಿ ಬೇರೆ ಯಾವುದಕ್ಕೂ ಟಿಕೆಟ್ ಕಟ್ಟಿಕೊಂಡಿದ್ದರೆ ಅದರ ನಡುವೆ ಎರಡು ಗಂಟೆಯಾದರೂ ಅಂತರ ಬಿಡಿ.

ಆಕಾಶ ಕೆಟ್ಟು, ಟಿಕೆಟ್ ಇನ್ನೂ ಕೊಳ್ಳದೆ ಇದ್ದರೆ ಹತ್ತುವುದನ್ನೇ ಬಿಡಬಹುದು. ಮೇಲೆ ಹತ್ತಿದವರಿಗೆ ಕಾಣದ್ದು ಬುರ್ಜ್ ಖಲೀಫಾ ಒಂದೇ. 2018ರಲ್ಲಿ ತೆರೆದ, 150 ಮೀಟರ್ ಎತ್ತರದ ದುಬೈ ಫ್ರೇಮ್ ಮೇಲಿಂದ ಹಳೇ ದುಬೈ ಒಂದು ಕಡೆ, ಈ ಗೋಪುರದ ಸಾಲು ಇನ್ನೊಂದು ಕಡೆ ಕಾಣುತ್ತದೆ, ಖರ್ಚೂ ಕಡಿಮೆ.